ದಿನಾ ಆಫೀಸಿಗೆ ಓಡುವ ಮಸ್ಟಾಂಗ್ ಜಿಟಿ: ತಿರುವಿಗೆ ತಯಾರು ಮಾಡಲಾ, ಡ್ರ್ಯಾಗ್‌ಗಾ?

ಗೇರ್_ಗೊಂದಲ:

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಇದ್ದೇನೆ. ಹೋದ ವರ್ಷ ಸೆಕೆಂಡ್ ಹ್ಯಾಂಡ್ 2017ರ ಮಸ್ಟಾಂಗ್ ಜಿಟಿ ತಗೊಂಡೆ. 5.0 ಲೀಟರ್ ವಿ8, ಮ್ಯಾನ್ಯುಯಲ್, ಪರ್ಫಾರ್ಮೆನ್ಸ್ ಪ್ಯಾಕ್ ಇರುವ ಗಾಡಿ. ಇರ್ವಿಂಗ್‌ನಲ್ಲಿ ಆಫೀಸು, ದಿನಾ ಇದರಲ್ಲೇ ಹೋಗಿ ಬರುತ್ತೇನೆ. ಹಿಂದೆ 4 ವರ್ಷದ ಮಗಳ ಚೈಲ್ಡ್ ಸೀಟ್ ಇದೆ.

ಕಳೆದ ತಿಂಗಳು ಸ್ನೇಹಿತನೊಬ್ಬ ಎನಿಸ್‌ನ ಡ್ರ್ಯಾಗ್ ಸ್ಟ್ರಿಪ್‌ಗೆ (ಕಾಲು ಮೈಲಿ ನೆಟ್ಟಗೆ ಓಡಿಸುವ ಜಾಗ) ಕರೆದುಕೊಂಡು ಹೋದ, ಸುಮ್ನೆ ನೋಡಿದ್ದಕ್ಕೇ ತಲೆ ಕೆಟ್ಟಿತು. ಆದರೆ ನನಗೆ ತಿರುವುಗಳೂ ಇಷ್ಟ, ಕೋನ್‌ಗಳ ನಡುವೆ ತಿರುಗಿಸುತ್ತಾ ಸಮಯಕ್ಕೆ ಓಡಿಸುವ ಆಟೊಕ್ರಾಸ್‌ಗೂ ಹೋಗಬೇಕು ಅಂತ ಆಸೆ. ಬಜೆಟ್ 2,500 ಡಾಲರ್. ಕಾರ್ಟ್‌ನಲ್ಲಿ ಈಗ ಇರುವುದು: 1 ಇಂಚು ತಗ್ಗಿಸುವ ಸ್ಪ್ರಿಂಗ್, ಹಿಂದಕ್ಕೆ ಡ್ರ್ಯಾಗ್ ಓಟಕ್ಕೆಂದೇ ಮಾಡಿದ ಡ್ರ್ಯಾಗ್ ರೇಡಿಯಲ್ ಟೈರ್, ಗಾಡಿ ವಾಲದ ಹಾಗೆ ಹಿಂದೆ ಮುಂದೆ ಎರಡಕ್ಕೂ ದಪ್ಪ ಸ್ವೇ ಬಾರ್, ಜೊತೆಗೆ ಶಕ್ತಿ ಹೆಚ್ಚಿಸಲು ಎಂಜಿನ್ ಗಾಳಿಯ ಇಂಟೇಕ್ ಮತ್ತು ಎಂಜಿನ್ ಕಂಪ್ಯೂಟರಿನ ಟ್ಯೂನ್. ಹೆಂಡತಿಯದು ಒಂದೇ ಷರತ್ತು, ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವ ಹಾಗಿರಬೇಕು. ಬಟನ್ ಒತ್ತುವ ಮುಂಚೆ ಕೇಳೋಣ ಅನ್ನಿಸಿತು.

ಕೋನ್_ಅಜ್ಜ:

ಒತ್ತಬೇಡಿ. ನಿಮ್ಮ ಕಾರ್ಟ್‌ನಲ್ಲಿರುವ ಸಾಮಾನುಗಳು ಒಂದಕ್ಕೊಂದು ಜಗಳ ಆಡುತ್ತವೆ.

ಡ್ರ್ಯಾಗ್‌ಗೆ ಏನು ಬೇಕು? ಕ್ಲಚ್ ಬಿಟ್ಟ ಕೂಡಲೇ ಮೂತಿ ಮೇಲೇಳಬೇಕು, ತೂಕ ಎಲ್ಲಾ ಹಿಂದಿನ ಟೈರ್ ಮೇಲೆ ಕೂರಬೇಕು. ಅದಕ್ಕೆ ಮುಂದಿನ ಶಾಕ್ ಮೆತ್ತಗಿರಬೇಕು, ಮುಂದಿನ ಸ್ವೇ ಬಾರ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಟೈರ್‌ಗೆ ಎತ್ತರದ, ಮೆತ್ತನೆಯ ಸೈಡ್‌ವಾಲ್ ಬೇಕು. ತಿರುವಿಗೆ ಇದೆಲ್ಲಾ ಉಲ್ಟಾ. ಮುಂದುಗಡೆ ಬಿಗಿ ಇರಬೇಕು, ಸೈಡ್‌ವಾಲ್ ಗಟ್ಟಿ ಇರಬೇಕು, ಗಾಡಿ ವಾಲಬಾರದು. ಒಂದೇ ಶಾಕ್, ಒಂದೇ ಬಾರ್‌ನಿಂದ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ನಿಮ್ಮ ಗಾಡಿಯಲ್ಲಿ 435 ಹಾರ್ಸ್‌ಪವರ್ ಇದೆ. ಹಿಂದಿನ ಎರಡೂ ಚಕ್ರಕ್ಕೆ ಶಕ್ತಿ ಹಂಚುವ 3.73 ಟಾರ್ಸೆನ್ ಡಿಫರೆನ್ಷಿಯಲ್, ಮುಂದೆ 6 ಪಿಸ್ಟನ್‌ನ ಬ್ರೆಂಬೊ ಬ್ರೇಕ್, ಎಲ್ಲಾ ಕಂಪನಿಯಿಂದಲೇ ಬಂದಿದೆ. ಇರುವ ಶಕ್ತಿಯನ್ನೇ ನೆಲಕ್ಕೆ ಇಳಿಸಲು ಟೈರ್ ಒದ್ದಾಡುತ್ತದೆ, ಅದರ ಮೇಲೆ ಇಂಟೇಕ್, ಟ್ಯೂನ್ ಯಾಕೆ?

ಇದರ ನಿಜವಾದ ಕೊರತೆ ಮುಂದಿನ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಒಳಕ್ಕೆ ವಾಲಿದರೆ ಮೈನಸ್. ಮುಂದೆ ಇರುವುದು ಸ್ಟ್ರಟ್, ಸ್ಪ್ರಿಂಗ್ ಶಾಕ್ ಒಂದೇ ಕಂಬದಲ್ಲಿ. ಗಾಡಿ ವಾಲಿದಷ್ಟೂ ಹೊರಗಿನ ಟೈರ್ ನೆಟ್ಟಗೆ ನಿಲ್ಲುವುದು ಬಿಟ್ಟು ಹೊರಕ್ಕೆ ಮಗುಚುತ್ತದೆ. ಆಗ ಟೈರಿನ ಹೊರ ಅಂಚು ಮಾತ್ರ ಕೆಲಸ ಮಾಡುತ್ತದೆ, ಉಳಿದ ರಬ್ಬರ್ ಸುಮ್ನೆ ಜೊತೆಗೆ ಬರುತ್ತದೆ. ಕಂಪನಿ ಜೋಡಣೆಯಲ್ಲಿ ಇದನ್ನು ಸರಿ ಮಾಡಲು ಹೆಚ್ಚು ಜಾಗ ಕೊಟ್ಟಿಲ್ಲ. ಸ್ಟ್ರಟ್ ತಲೆಯನ್ನು ಒಳಕ್ಕೆ ಸರಿಸುವ ಕ್ಯಾಂಬರ್ ಪ್ಲೇಟ್ ಹಾಕಿದರೆ ಮೈನಸ್ 2 ಡಿಗ್ರಿ ಹತ್ತಿರ ಸುಲಭವಾಗಿ ಬರುತ್ತದೆ. ಆದರೆ ಅದನ್ನೂ ಈಗಲೇ ಕೊಳ್ಳಬೇಡಿ. ಆಟೊಕ್ರಾಸ್ ನಡೆಸುವ ಕ್ಲಬ್ ಎಸ್‌ಸಿಸಿಎಯ ಸ್ಟ್ರೀಟ್ ವರ್ಗದಲ್ಲಿ ಓಡಿಸುವುದಾದರೆ ಅದಕ್ಕೆ ಅವಕಾಶ ಇಲ್ಲ. ಅಲ್ಲಿ ಶಾಕ್ ಬದಲಿಸಬಹುದು, ಸ್ವೇ ಬಾರ್ ಹಿಂದಿನದೋ ಮುಂದಿನದೋ ಒಂದೇ ಒಂದು. ಅಮೆರಿಕನ್ ಮಸಲ್ ಕಾರುಗಳಿಗೇ ಇರುವ ಕ್ಯಾಮ್ ವರ್ಗದಲ್ಲಿ ಕೈ ಜಾಸ್ತಿ ಬಿಚ್ಚಬಹುದು. ಮೊದಲು ವರ್ಗ ನೋಡಿ, ಆಮೇಲೆ ಪರ್ಸ್ ತೆಗೆಯಿರಿ.

ಈಗ ಮಾಡಬೇಕಾದ್ದು: ಒಳ್ಳೆಯ ಸಮ್ಮರ್ ಟೈರ್, ಹೊಸ ಬ್ರೇಕ್ ಫ್ಲೂಯಿಡ್, ಅಲೈನ್‌ಮೆಂಟ್. ಅಷ್ಟೇ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಕುಡಿಯುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ, ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ನಿಮ್ಮ ಗಾಡಿಯಲ್ಲಿ ಇರುವುದು ಯಾವ ಕಾಲದ್ದೋ ಯಾರಿಗೆ ಗೊತ್ತು. ಆಟೊಕ್ರಾಸ್ ಒಂದು ಓಟ ಒಂದು ನಿಮಿಷದ ಆಸುಪಾಸು, ಅಲ್ಲಿ ಕುದಿಯಲ್ಲ. ಆದರೆ ಆಟೊಕ್ರಾಸ್‌ನಿಂದ ಟ್ರ್ಯಾಕ್ ಡೇಗೆ ಹೋಗದೇ ಇದ್ದವನನ್ನು ನಾನು ನೋಡಿಲ್ಲ.

ಒಂದು ಅಗ್ಗದ ಕೆಲಸ ಹೇಳುತ್ತೇನೆ. ಬಿಳಿ ಶೂ ಪಾಲಿಶ್ ತಗೊಳ್ಳಿ. ಟೈರಿನ ಭುಜದ ಮೇಲೆ ಪುಟ್ಟ ತ್ರಿಕೋನದ ಗುರುತು ಇರುತ್ತದೆ, ಅಲ್ಲಿಂದ ಸೈಡ್‌ವಾಲ್‌ವರೆಗೆ ಮೂರು ಕಡೆ ಬಳಿಯಿರಿ. 35 ಪಿಎಸ್‌ಐ ಇಟ್ಟು ಒಂದು ಓಟ ಓಡಿಸಿ. ಪಾಲಿಶ್ ತ್ರಿಕೋನ ದಾಟಿ ಕೆಳಗೆ ಅಳಿಸಿದ್ದರೆ 2 ಪಿಎಸ್‌ಐ ಏರಿಸಿ. ತ್ರಿಕೋನದವರೆಗೂ ಅಳಿಸದಿದ್ದರೆ ಇಳಿಸಿ. ಯಾವ ಅಂಗಡಿಯವನೂ ಇಷ್ಟು ಸರಿಯಾಗಿ ಹೇಳಲ್ಲ.

ಕಾಲು_ಮೈಲಿ:

ಅಜ್ಜ ಹೇಳಿದ್ದರಲ್ಲಿ ಮುಕ್ಕಾಲು ಒಪ್ಪುತ್ತೇನೆ. ಆದರೆ ಕೋನ್ ಸುತ್ತ ಒಂದು ನಿಮಿಷ ಓಡಿಸಿ ಬಿಸಿಲಲ್ಲಿ ಎರಡು ಗಂಟೆ ನಿಂತು ಬೇರೆಯವರು ಬೀಳಿಸಿದ ಕೋನ್ ಎತ್ತುವುದು ಎಲ್ಲರಿಗೂ ಆಗಲ್ಲ ಗುರು.

ಡ್ರ್ಯಾಗ್ ರುಚಿ ನೋಡಲು ಏನೂ ಕೊಳ್ಳುವುದು ಬೇಡ. ಎನಿಸ್‌ನ ಟೆಕ್ಸಸ್ ಮೋಟರ್‌ಪ್ಲೆಕ್ಸ್ 1986ರಲ್ಲಿ ಶುರುವಾದದ್ದು, ಇಡೀ ಕಾಲು ಮೈಲಿ ಕಾಂಕ್ರೀಟ್. ಅಲ್ಲಿ ಓಟ ಶುರುವಾಗುವ ಗೆರೆಯ ಹತ್ತಿರ ಅಂಟು ಸುರಿದಿರುತ್ತಾರೆ, ನಡೆದರೆ ಶೂ ಕಿತ್ತು ಬರುತ್ತದೆ. ನಾನು ಮೊದಲ ಸಲ ಹವಾಯಿ ಚಪ್ಪಲಿಯಲ್ಲಿ ಹೋಗಿ ಟೆಕ್ ತಪಾಸಣೆಯಲ್ಲೇ ವಾಪಸ್ ಬಂದೆ. ಶೂ, ಪೂರ್ತಿ ಪ್ಯಾಂಟ್ ಹಾಕಿಕೊಳ್ಳಿ. ಹೆಲ್ಮೆಟ್ ಬೇಕೇ ಬೇಕು, 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಟ್ಟುವ ಗಾಡಿಗೆ ಡ್ರ್ಯಾಗ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮ ಅದು. ನಿಮ್ಮದು ಹಾಗೇ ಇದ್ದರೂ, ಓಡಿಸುವ ಕೈ ಸರಿ ಇದ್ದರೆ, 13ರ ಸುತ್ತಮುತ್ತ ಬರುತ್ತದೆ.

ಹೊಸಬರು ಮಾಡುವ ದೊಡ್ಡ ತಪ್ಪು ನೀರಿನಲ್ಲಿ ನಿಲ್ಲಿಸುವುದು. ಚಕ್ರ ತಿರುಗಿಸಿ ಟೈರ್ ಬಿಸಿ ಮಾಡುವ ಬರ್ನೌಟ್ ಜಾಗದಲ್ಲಿ ನೀರು ನಿಂತಿರುತ್ತದೆ, ಅದು ಗೀರಿಲ್ಲದ ಸ್ಲಿಕ್ ಟೈರ್‌ಗೆ. ನಿಮ್ಮ ರಸ್ತೆ ಟೈರಿನ ಗೀರುಗಳಲ್ಲಿ ಆ ನೀರು ತುಂಬಿಕೊಂಡು ಗೆರೆಯವರೆಗೂ ಸೋರುತ್ತಾ ಬರುತ್ತದೆ. ಪಕ್ಕದಿಂದ ಸುತ್ತಿಕೊಂಡು ಹೋಗಿ, ಒಂದೆರಡು ಸುತ್ತು ತಿರುಗಿಸಿ ಟೈರ್ ಒರೆಸಿಕೊಳ್ಳಿ, ಸಾಕು. ನಿಮ್ಮ ಡ್ಯಾಶ್‌ನಲ್ಲಿ ಲೈನ್ ಲಾಕ್ ಇದೆ, ಮುಂದಿನ ಬ್ರೇಕ್ ಅದೇ ಹಿಡಿದುಕೊಳ್ಳುತ್ತದೆ. ಹಿಂದಿನ ಟೈರ್ 28ಕ್ಕೆ ಇಳಿಸಿ. ಮನೆಗೆ ಹೊರಡುವ ಮುಂಚೆ ವಾಪಸ್ ತುಂಬಿಸಲು ಚಿಕ್ಕ ಕಂಪ್ರೆಸರ್ ಡಿಕ್ಕಿಯಲ್ಲಿರಲಿ.

ಓಟದ ಸಮಯದ ಸ್ಲಿಪ್ ತಗೊಂಡಾಗ ಕೊನೆಯ ಸ್ಪೀಡ್ ನೋಡಬೇಡಿ, ಮೊದಲ 60 ಅಡಿಯ ಸಮಯ ನೋಡಿ. ಅಲ್ಲಿ 2.2 ಬಂದದ್ದು 2.0 ಆದರೆ ಕೊನೆಯಲ್ಲಿ ಅದರ ಒಂದೂವರೆ ಪಟ್ಟು ಉಳಿಯುತ್ತದೆ ಅನ್ನುವುದು ನಮ್ಮ ಲೆಕ್ಕ. ಮತ್ತೆ ಆಗಸ್ಟ್‌ನಲ್ಲಿ ಹೋಗಿ ಗಾಡಿ ನಿಧಾನ ಅಂತ ಅಳಬೇಡಿ. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಗಾಳಿ ತೆಳ್ಳಗಾಗಿರುತ್ತದೆ, ನವೆಂಬರ್‌ನಲ್ಲಿ ಅದೇ ಗಾಡಿ ಬೇರೆ ಗಾಡಿ.

ಆಮೇಲೆ ಹುಚ್ಚು ಹಿಡಿದರೆ ಮಾತ್ರ ಹಿಂದಿನ ಸಸ್ಪೆನ್ಷನ್ ಹೊತ್ತಿರುವ ಚೌಕಟ್ಟು, ಅಂದರೆ ಕ್ರೇಡಲ್‌ನ ಬುಶ್ ಬಿಗಿ ಮಾಡುವ ಕಿಟ್ ಹಾಕಿಸಿ. 2015ರಿಂದ ಜಿಟಿಗೆ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಆರಾಮಕ್ಕಾಗಿ ಕ್ರೇಡಲ್‌ಗೆ ಮೆತ್ತನೆ ರಬ್ಬರ್ ಕೊಟ್ಟಿರುವುದರಿಂದ ಅಂಟು ನೆಲದಲ್ಲಿ ಜೋರಾಗಿ ಹೊರಟರೆ ಚಕ್ರ ಕುಪ್ಪಳಿಸುತ್ತದೆ. ಸೀಟಿನ ಕೆಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಕೇಳಿಸುತ್ತದೆ. ಹಾಗೆ ಕೇಳಿದ ಕೂಡಲೇ ಕಾಲು ಎತ್ತಿ, ಇಲ್ಲದಿದ್ದರೆ ಚಕ್ರ ತಿರುಗಿಸುವ ಹಾಫ್ ಶಾಫ್ಟ್ ಮುರಿದು ಹೋಗುತ್ತದೆ.

ಮಳೆಗೆ_ಹೆದರುವವನು:

ಡ್ರ್ಯಾಗ್ ರೇಡಿಯಲ್ ದಿನದ ಗಾಡಿಗೆ ಹಾಕಬೇಡಿ, ಮಗು ಬೇರೆ ಇದೆ. ಅವು ರಸ್ತೆಗೆ ಕಾನೂನುಬದ್ಧ ಅನ್ನುವುದು ನಿಜ, ಆದರೆ ಗೀರು ಆಳ ಇರಲ್ಲ. ನಾನು ಒಂದು ಬೇಸಿಗೆ ಪೂರ್ತಿ ಅದರಲ್ಲೇ ಓಡಾಡಿ ಏನೂ ಆಗಲಿಲ್ಲ ಅಂತ ಬೀಗಿಕೊಂಡು, ಅಕ್ಟೋಬರ್‌ನಲ್ಲಿ ಒಂದು ಸಂಜೆ ಮಳೆಯಲ್ಲಿ ಹೈವೇ ರ‍್ಯಾಂಪ್‌ನಲ್ಲಿ 40 ಮೈಲಿ ವೇಗಕ್ಕೇ ಗಾಡಿ ತಿರುಗಿ ಬಂದ ದಾರಿಯನ್ನೇ ನೋಡುತ್ತಾ ನಿಂತೆ. ಹಿಂದೆ ಯಾರೂ ಇರಲಿಲ್ಲ, ಬದುಕಿದೆ. ಬೇಕಾದರೆ ಬೇರೆ ಜೊತೆ ಚಕ್ರಕ್ಕೆ ಹಾಕಿಸಿ ಗ್ಯಾರೇಜಿನಲ್ಲಿ ಇಡಿ. ಇನ್ಶೂರೆನ್ಸ್ ಕಾಗದವನ್ನೂ ಓದಿ, ಸಮಯ ಅಳೆಯುವ ಸ್ಪರ್ಧೆ ಹೊರತುಪಡಿಸಿ ಅಂತ ತುಂಬಾ ಪಾಲಿಸಿಗಳಲ್ಲಿ ಇರುತ್ತದೆ.

ಗೇರ್_ಗೊಂದಲ:

ಎಲ್ಲರಿಗೂ ಥ್ಯಾಂಕ್ಸ್. ಕಾರ್ಟ್ ಖಾಲಿ ಮಾಡಿದೆ. ಸಮ್ಮರ್ ಟೈರ್ ಹಾಕಿಸಿದೆ, ಮುಂದೆ 255, ಹಿಂದೆ 275, ಕಂಪನಿ ಅಳತೆಯೇ. ಫ್ಲೂಯಿಡ್ ಬದಲಿಸಿದಾಗ ಹಳೆಯದು ಕಾಫಿ ಡಿಕಾಕ್ಷನ್ ಹಾಗೆ ಬಂತು.

ಹಳೆಯ ಟೈರ್ ಬಿಚ್ಚಿದಾಗ ಇನ್ನೊಂದು ಕಂಡಿತು. ಅಂಗೈಯಲ್ಲಿ ಅಡ್ಡಡ್ಡ ಸವರಿದರೆ ಒಂದು ಕಡೆಗೆ ನುಣುಪು, ವಾಪಸ್ ಎಳೆದರೆ ಗರಗಸ. ಹಿಂದಿನ ಸಲ ಅಲೈನ್‌ಮೆಂಟ್ ಮಾಡಿಸಿದ ಅಂಗಡಿಯವರು "ಎಲ್ಲಾ ಹಸಿರು ಬಂದಿದೆ" ಅಂತ ಕಾಗದ ಕೊಟ್ಟು ಕಳಿಸಿದ್ದರು. ಇದು ಟೋ (ಮೇಲಿನಿಂದ ನೋಡಿದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ತೊಂದರೆಯಾ? ಕ್ಯಾಂಬರ್ ಜಾಸ್ತಿ ಮಾಡಿದರೆ ಇನ್ನೂ ಹೀಗೆ ತಿನ್ನುತ್ತದಾ?

ಕೋನ್_ಅಜ್ಜ:

ಟೋ ತೊಂದರೆಯೇ. ಟೈರ್ ತಿನ್ನುವುದು ಹೆಚ್ಚಾಗಿ ಟೋ, ಬೈಗುಳ ತಿನ್ನುವುದು ಕ್ಯಾಂಬರ್. ಹಸಿರು ಅಂದರೆ ಕಂಪನಿ ಕೊಟ್ಟ ಅಗಲದ ಮಿತಿಯೊಳಗೆ ಇದೆ ಅಂತ ಅಷ್ಟೇ. ಎಡಕ್ಕೊಂದು ಕೊನೆ, ಬಲಕ್ಕೊಂದು ಕೊನೆ ಇದ್ದರೂ ಹಸಿರೇ. ನೀವು ನಂಬರ್ ಬರೆದುಕೊಂಡು ಹೋಗಿ, ಮುಂದೆ ಟೋ ಸೊನ್ನೆ, ಹಿಂದೆ ಸ್ವಲ್ಪ ಟೋ ಇನ್, ಹಿಂದಿನ ಕ್ಯಾಂಬರ್ ಮೈನಸ್ 1.5ಕ್ಕಿಂತ ಜಾಸ್ತಿ ಬೇಡ. ಮಾಡುವವನ ಪಕ್ಕದಲ್ಲೇ ನಿಲ್ಲಿ. ಗಾಡಿಯಲ್ಲಿ ನಿಮ್ಮ ತೂಕದಷ್ಟು ಮರಳು ಮೂಟೆ ಇಟ್ಟು ಮಾಡಿಕೊಟ್ಟರೆ ಅವನಿಗೆ ಕೆಲಸ ಗೊತ್ತು ಅಂತ ಅರ್ಥ.

ಕ್ಯಾಂಬರ್ ಪ್ಲೇಟ್ ಮುಂದೆ ಹಾಕಿಸುವ ದಿನ ಬಂದರೆ ಲೋಹದ ಬೇರಿಂಗ್ ಇರುವುದು ಬೇಡ, ಪ್ರತಿ ಉಬ್ಬಿಗೂ ಟಕ್ ಟಕ್ ಅನ್ನುತ್ತದೆ, ಮಗಳು ಎದ್ದೇಳುತ್ತಾಳೆ. ಯುರೆಥೇನ್ ಇರುವುದು ಕೇಳಿ. ಈ ಭಾನುವಾರ ಆಟೊಕ್ರಾಸ್‌ಗೆ ಬರುವುದಾದರೆ ಗಾಡಿಯೊಳಗೆ ಬಿಡಿ ಸಾಮಾನು ಒಂದೂ ಇರಬಾರದು, ಚೈಲ್ಡ್ ಸೀಟ್, ನೀರಿನ ಬಾಟಲ್, ಫ್ಲೋರ್ ಮ್ಯಾಟ್ ಎಲ್ಲಾ ಹೊರಗೆ. ಹೊಸಬರ ಪಕ್ಕ ಕೂರಲು ಯಾರಾದರೂ ಸಿಗುತ್ತಾರೆ, ನಾಚಿಕೆ ಬೇಡ, ಕೇಳಿ.

ಗೇರ್_ಗೊಂದಲ:

ಬರುತ್ತೇನೆ. ಈಗಷ್ಟೇ ಚೈಲ್ಡ್ ಸೀಟ್ ತೆಗೆದೆ. ಕೆಳಗೆ ಎರಡು ಕ್ರೇಯಾನ್, ಒಂದು ಸಾಕ್ಸ್, ಯುಗಾದಿಯಿಂದ ಇದ್ದ ಚಕ್ಕುಲಿ ಪುಡಿ ಒಂದು ಹಿಡಿ. ಅಜ್ಜ, ಇದನ್ನೆಲ್ಲಾ ತೂಕ ಇಳಿಸಿದ ಲೆಕ್ಕಕ್ಕೆ ಹಾಕಬಹುದಾ?