ಪುಟ್ಟ ಮಕ್ಕಳಿಗೆ ಕಾರ್ಟೂನ್ ಆನೆ ಬರೆಸುವುದು ಹೇಗೆ? ಬಲ್ಲವರ ಅನುಭವಗಳು

ಕೇಳಿದವರು: ಮಂಡ್ಯದ ಒಬ್ಬ ತಾಯಿ

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಚಿತ್ರ ಬರೆಸುತ್ತಿದ್ದೇನೆ. ಎಲ್ಲರಿಗೂ ದಸರಾ ಆನೆಯ ಕಾರ್ಟೂನೇ ಬೇಕು. ಮೊಬೈಲಿನಲ್ಲಿ ಹಂತ ಹಂತವಾಗಿ ತೋರಿಸುವ ವಿಡಿಯೊ ನೋಡಿಕೊಂಡು ದೊಡ್ಡ ಮಕ್ಕಳು ಹೇಗೋ ಮುಗಿಸುತ್ತಾರೆ. ಚಿಕ್ಕವರು ಸೊಂಡಿಲಿನವರೆಗೆ ಬಂದು, “ನೀವೇ ಬರೆದುಕೊಡಿ ಆಂಟಿ” ಎಂದು ಹಾಳೆ ಚಾಚುತ್ತಾರೆ. ಅವರಿಂದಲೇ ಬರೆಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನ ನಿವೃತ್ತ ಚಿತ್ರಕಲಾ ಶಿಕ್ಷಕರು

ತಾಯಿ, ಮಕ್ಕಳ ಕೈ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೀವು ಗಮನಿಸಿರುವುದರಿಂದ ಅರ್ಧ ಕೆಲಸ ಆಗಲೇ ಮುಗಿದಿದೆ. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ. ಚೌಕ ಕೈಗೆ ಹತ್ತುವುದು ನಾಲ್ಕು-ಐದರ ನಡುವೆ, ತ್ರಿಕೋನ ಐದರ ಆಸುಪಾಸಿನಲ್ಲಿ, ವಜ್ರಾಕೃತಿ ಅದಕ್ಕಿಂತ ತಡವಾಗಿ. ವಿಡಿಯೊಗಳಲ್ಲಿ ಕಾಣುವ ಸೊಂಡಿಲು ಹೆಚ್ಚಾಗಿ ಎರಡು ಬಾಗುಗೆರೆಗಳಿಂದ ಆಗಿರುತ್ತದೆ. ಒಂದು ಗೆರೆಯ ಪಕ್ಕದಲ್ಲೇ ಇನ್ನೊಂದನ್ನು ಅದೇ ಅಂತರ ಕಾಯ್ದುಕೊಂಡು ಇಳಿಸುವುದು ನಾಲ್ಕು ವರ್ಷದ ಕೈಗೆ ಕಷ್ಟದ ಕೆಲಸ. ಆದ್ದರಿಂದ ಆನೆಗೆ ತಕ್ಕಂತೆ ಕೈಯನ್ನು ಬಗ್ಗಿಸಲು ಹೋಗದೆ, ಆ ಕೈಗೆ ಈಗಾಗಲೇ ಒಲಿದಿರುವ ಗೆರೆಗಳು ಯಾವುವು ಎಂದು ನೋಡಿಕೊಂಡು, ಅಷ್ಟರಲ್ಲೇ ಆನೆಯನ್ನು ಕಟ್ಟಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಕ್ಷರ ತಿದ್ದಲು ಆರಂಭಿಸಿದ ನಮ್ಮ ಮಕ್ಕಳಲ್ಲಿ ಇಂತಹ ಗೆರೆಗಳ ಬಂಡವಾಳ ಚೆನ್ನಾಗಿಯೇ ಇರುತ್ತದೆ. ‘ಗ’ ಬರೆಯುವ ಮಗುವಿಗೆ ಕಮಾನು ಗೊತ್ತು. ಹಾಳೆಯ ಕೆಳಗೆ ನೆಲದ ಗೆರೆಯೊಂದನ್ನು ಎಳೆಸಿ, ಅದರ ಮೇಲೆ ದೊಡ್ಡ ಕಮಾನನ್ನೂ, ಅದರ ಹೊಟ್ಟೆಯೊಳಗೆ ಚಿಕ್ಕ ಕಮಾನನ್ನೂ ಹಾಕಿಸಿದರೆ ಬೆನ್ನು, ಹೊಟ್ಟೆ, ಕಾಲುಗಳೆಲ್ಲ ಒಟ್ಟಿಗೇ ಮೂಡುತ್ತವೆ. ‘ಠ’ ಬರೆಯುವ ಮಗುವಿಗೆ ವೃತ್ತದ ನಡುವೆ ಚುಕ್ಕೆಯಿಡಲು ಬರುತ್ತದೆ, ಅದೇ ಕಣ್ಣು. ಸೊಂಡಿಲಿಗೆ ದಪ್ಪ ಕ್ರೇಯಾನಿನ ಸುತ್ತಿದ ಕಾಗದ ಬಿಚ್ಚಿ, ಅದನ್ನು ಹಾಳೆಯ ಮೇಲೆ ಮಲಗಿಸಿ ಒಂದೇ ಬಾರಿಗೆ ಎಳೆಯಲು ಹೇಳಿ. ಅಗಲ ತಾನಾಗಿ ಬರುತ್ತದೆ, ಎರಡನೆಯ ಗೆರೆಯ ಗೊಡವೆಯೇ ಇರುವುದಿಲ್ಲ.

ಇನ್ನು ಅದನ್ನು ಕಾರ್ಟೂನ್ ಆಗಿಸುವ ಮಾತು. ದೊಡ್ಡ ತಲೆ, ಎತ್ತರದ ಹಣೆ, ಮುಖದಲ್ಲಿ ಕೆಳಗಿಳಿದ ದೊಡ್ಡ ಕಣ್ಣು, ಗಿಡ್ಡ ಕೈಕಾಲುಗಳನ್ನು ಕಂಡರೆ ನಮಗೆ ಎಳೆಮರಿಯನ್ನು ಕಂಡಷ್ಟೇ ಮುದ್ದು ಬರುತ್ತದೆ ಎಂಬುದನ್ನು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲೇ ಬರೆದಿದ್ದಾರೆ. ಇದನ್ನು ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಮಾಡಿ ತೋರಿಸಿದರೆ ಸಾಕು: ಒಂದೇ ಅಳತೆಯ ಎರಡು ವೃತ್ತ ಹಾಕಿ, ಒಂದರಲ್ಲಿ ಕಣ್ಣುಗಳನ್ನು ಮೇಲ್ಭಾಗದಲ್ಲಿ, ಇನ್ನೊಂದರಲ್ಲಿ ನಡುವಿಗಿಂತ ತುಸು ಕೆಳಗೆ ಇಟ್ಟು, ಮರಿಯಾನೆ ಯಾವುದು ಎಂದು ಕೇಳಿ. ಬೆರಳು ಎತ್ತ ಹೋಗುತ್ತದೆ ಎಂಬುದನ್ನು ನೀವೇ ನೋಡುತ್ತೀರಿ.

ವಿಡಿಯೊಗಳ ಬಗ್ಗೆ ಇನ್ನೊಂದು ತಕರಾರು ನನಗಿದೆ. ಅವುಗಳಲ್ಲಿ ಬರುವ ಆನೆಗೆ ಅನೇಕ ವೇಳೆ ಭುಜವನ್ನೇ ಮುಚ್ಚುವಷ್ಟು ದೊಡ್ಡ ಕಿವಿಗಳಿರುತ್ತವೆ. ಅದು ಆಫ್ರಿಕಾದ ಆನೆಯ ಲಕ್ಷಣ. ನಮ್ಮ ಆನೆಯ ಕಿವಿ ಚಿಕ್ಕದು, ಬೆನ್ನು ಮೇಲಕ್ಕೆ ಉಬ್ಬಿರುತ್ತದೆ, ನೆತ್ತಿಯೇ ದೇಹದ ಅತಿ ಎತ್ತರದ ಭಾಗ. ಜಂಬೂಸವಾರಿಯನ್ನು ನೋಡಿರುವ ಮಗುವಿಗೆ ಇದೆಲ್ಲ ಕಣ್ಣಲ್ಲಿ ಇರುತ್ತದೆ, ಕೇಳಿದರೆ ಹೇಳುತ್ತದೆ. ಸವಾರಿಗೆ ಮುನ್ನ ಕಲಾವಿದರು ಆನೆಯ ಹಣೆ, ಕಿವಿ, ಸೊಂಡಿಲುಗಳ ಮೇಲೆ ಬಣ್ಣದ ಬಳ್ಳಿ, ಹೂವು ಬಿಡಿಸುತ್ತಾರಲ್ಲ, ಆ ಅಲಂಕಾರವನ್ನು ಪೂರ್ತಿ ಮಕ್ಕಳ ಇಚ್ಛೆಗೇ ಬಿಟ್ಟುಬಿಡಿ. ಹೀಗೆ ಕಣ್ಣಾರೆ ಕಂಡದ್ದನ್ನು ಬರೆಯುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ: 1921ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರು ಬಾಲ್ಯದಿಂದಲೇ ಕಾಗೆಗಳನ್ನು ನೋಡಿ ನೋಡಿ ಬರೆದವರು. ಹೆಸರಾಂತ ವ್ಯಂಗ್ಯಚಿತ್ರಕಾರರಾದ ಮೇಲೂ ಅವರು ಕಾಗೆಯನ್ನು ಬಿಡಲಿಲ್ಲ.

“ನೀವೇ ಬರೆದುಕೊಡಿ” ಎಂದಾಗ ಮಗುವಿನ ಹಾಳೆಯನ್ನು ಮುಟ್ಟಬೇಡಿ. ಪಕ್ಕದಲ್ಲಿ ಸ್ಲೇಟು ಇಟ್ಟುಕೊಂಡು, ಮಗು ಕೇಳಿದ ಆ ಒಂದು ಭಾಗವನ್ನಷ್ಟೇ ನಿಧಾನವಾಗಿ ಬರೆದು ತೋರಿಸಿ, ಒರೆಸಿಬಿಡಿ. ನಿಮ್ಮ ಸೊಂಡಿಲು ಅಳಿಸಿಹೋಗುವುದರಿಂದ ಮಗುವಿನ ಸೊಂಡಿಲಿಗೆ ಹೋಲಿಕೆಯ ಭಯ ಇರುವುದಿಲ್ಲ.

ಮಳವಳ್ಳಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ಮೇಡಂ, ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಆನೆಗೆ ಮೊದಲು ಕುರಿ ಬರೆಸಿ ನೋಡಿ. ನಮ್ಮ ಕಡೆಯ ಬಂಡೂರು ಕುರಿ, ಜನ ಬನ್ನೂರು ಕುರಿ ಎನ್ನುತ್ತಾರಲ್ಲ, ಅದು ಗಿಡ್ಡ ಕಾಲಿನ ತುಂಬುಮೈಯ ಪ್ರಾಣಿ. ಹಿಂದಿನಿಂದ ನೋಡಿದರೆ ಅದರ ಆಕಾರ ಮೇಷ್ಟ್ರು ಹೇಳಿದ ಕಮಾನೇ. ಮೈಯೊಳಗೆ ಸುರುಳಿ ಸುರುಳಿಯಾಗಿ ಗೀಚಿದರೂ ಅದು ತುಪ್ಪಟವೇ ಆಗುವುದರಿಂದ, ಮೂರು ವರ್ಷದ ಮಗುವೂ ತಾನು ಬರೆದದ್ದು ಕುರಿ ಎಂದು ಧೈರ್ಯವಾಗಿ ಹೇಳಿಕೊಳ್ಳುತ್ತದೆ.

ನಮ್ಮ ಕೇಂದ್ರದಲ್ಲಿ ಹಾಳೆ ಕಡಿಮೆ. ಹಾಗಾಗಿ ಮೊದಲು ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸುತ್ತೇನೆ. ಭುಜದಿಂದ ಇಡೀ ತೋಳು ಆಡಿಸಿ ದೊಡ್ಡದಾಗಿ ಬರೆದ ಮಗುವಿಗೆ ಆಮೇಲೆ ಹಾಳೆಯ ಮೇಲೆ ಚಿಕ್ಕದಾಗಿ ಬರೆಯುವುದು ಸುಲಭವಾಗುತ್ತದೆ. ಮುಷ್ಟಿಯಲ್ಲಿ ಹಿಡಿಯುವ ಮಕ್ಕಳಿಗೆ ಉದ್ದದ ಕ್ರೇಯಾನ್ ಕೊಡದೆ ಮುರಿದ ಚೂರನ್ನು ಕೊಡಿ. ಚೂರು ಮುಷ್ಟಿಗೆ ಸಿಗುವುದಿಲ್ಲವಾದ್ದರಿಂದ ಬೆರಳುಗಳ ತುದಿ ತಾನಾಗಿ ಮುಂದೆ ಬರುತ್ತದೆ.

ಮೈಸೂರಿನಿಂದ ಇಬ್ಬರು ಮಕ್ಕಳ ತಂದೆ

ವಿಡಿಯೊವನ್ನು ಅಷ್ಟೊಂದು ದೂಷಿಸಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಏಳು ವರ್ಷದ ನನ್ನ ಮಗಳಿಗೆ ಚಿತ್ರ ‘ಸರಿಯಾಗಿ’ ಬರಬೇಕೆಂಬ ಹಟವಿದೆ. ಆ ವಯಸ್ಸಿನಲ್ಲಿ ನಕಲು ಮಾಡಿ ಒಂದು ಮುದ್ದಾದ ಆನೆ ಬಂದಾಗ ಸಿಗುವ ಹುಮ್ಮಸ್ಸನ್ನು ಕಡೆಗಣಿಸಬಾರದು. ನಾವು ಮಾಡುವುದಿಷ್ಟೆ: ಒಂದು ಸಲ ನೋಡಿ ಬರೆದ ಮೇಲೆ ಮೊಬೈಲ್ ಮುಚ್ಚಿಟ್ಟು, ಅದೇ ಆನೆ ಮಲಗಿದರೆ, ಮಳೆಯಲ್ಲಿ ನೆನೆದರೆ, ಕಬ್ಬು ಕದ್ದರೆ ಹೇಗಿರುತ್ತದೆ ಎಂದು ಕೇಳುತ್ತೇವೆ. ಕಿರಿಯವನು ಮಾತ್ರ ರಬ್ಬರ್ ಕೈಗೆ ಸಿಕ್ಕರೆ ಹಾಳೆ ತೂತಾಗುವವರೆಗೆ ಉಜ್ಜುತ್ತಾನೆ. ಅವನಿಗೆ ರಬ್ಬರ್ ಕೊಡುವುದೇ ಇಲ್ಲ.

ಮತ್ತೆ ನಿವೃತ್ತ ಚಿತ್ರಕಲಾ ಶಿಕ್ಷಕರು

ಏಳು ವರ್ಷದವರ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಆಕ್ಷೇಪ ನಾಲ್ಕು-ಐದರವರ ಮುಂದೆ ಅದೇ ವಿಡಿಯೊ ಇಡುವುದಕ್ಕೆ ಮಾತ್ರ. ಆ ವಯಸ್ಸಿನವರ ಆನೆಗೆ ಐದು ಕಾಲು ಕಂಡರೆ ತಿದ್ದುವ ಮೊದಲು “ಇದು ಏನು?” ಎಂದು ಕೇಳಿ. ಹೆಚ್ಚಿನ ಸಲ ಅದು ಬಾಲವಾಗಿರುತ್ತದೆ, ಇಲ್ಲವೇ ಪಕ್ಕದಲ್ಲಿ ನಿಂತ ಮಾವುತನಾಗಿರುತ್ತಾನೆ.