ಮಟ್ಟನ್ನೂರು ಏರ್‌ಪೋರ್ಟಿಗೆ ಹೋಗುವಾಗ ಊಟ ಎಲ್ಲಿ?

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಗುರುವಾರ ಮಧ್ಯಾಹ್ನ ಎರಡೂವರೆಗೆ ಮಟ್ಟನ್ನೂರಲ್ಲಿರೋ ಕಣ್ಣೂರು ಏರ್‌ಪೋರ್ಟಿಂದ ಅಬುಧಾಬಿ ವಿಮಾನ, ಜೊತೆಗೆ ಅಕ್ಕ, ಅಕ್ಕನಿಗೆ ಶುಗರ್. ಏರ್‌ಪೋರ್ಟಲ್ಲಿ ಬೇಗ ತಿನ್ನೋಕೆ ಏನು ಸಿಗುತ್ತದೆ ಅಂತ ಕೇಳಿದ್ದೀಯ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳು.

ಏರ್‌ಪೋರ್ಟ್ ಊಟ ಆಮೇಲೆ. ಮೊದಲು ಕೊಡಗಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ನೋಡು. ವಿರಾಜಪೇಟೆಯಲ್ಲಿ ಹೊಟ್ಟೆ ತುಂಬ ತಿಂದು ಹೊರಟರೆ ಪೆರುಂಬಾಡಿ ದಾಟಿದ ಮೇಲೆ ಆ ತಿರುವುಗಳಲ್ಲಿ ಅಕ್ಕನಿಗೆ ವಾಂತಿ ಗ್ಯಾರಂಟಿ. ಎಂಟೂವರೆಗೆ ಹೊರಡಿ. ಹೊರಡುವಾಗ ಎರಡು ಇಡ್ಲಿ ಸಾಕು. ಕೂಟುಪುಳ ಸೇತುವೆ ದಾಟಿ ಇರಿಟ್ಟಿಗೆ ಬಂದ ಮೇಲೆ ಸರಿಯಾಗಿ ತಿನ್ನಿ. ಅಕ್ಕಿ ಹಿಟ್ಟಿನ ಹಬೆಯ ಪುಟ್ಟು, ಕಡಲೆ ಕರಿ ಯಾವ ಹೋಟೆಲಲ್ಲೂ ಬಿಸಿಯಾಗಿ ಸಿಗುತ್ತದೆ. ಅಕ್ಕನಿಗೆ ಕಡಲೆ ಜಾಸ್ತಿ, ಪುಟ್ಟು ಕಮ್ಮಿ. ಮಾತ್ರೆ ತಟ್ಟೆ ಮುಂದೆ ಬಂದ ಮೇಲೇ ಕೊಡು, ಆರ್ಡರ್ ಮಾಡುವಾಗ ಅಲ್ಲ.

ವಿದೇಶದ ವಿಮಾನ ಅಲ್ವಾ, ಮೂರು ಗಂಟೆ ಮೊದಲೇ ಒಳಗೆ ಇರಿ. ಬ್ಯಾಗ್ ಕೊಟ್ಟು, ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲ ಮುಗಿಸಿ ಗೇಟ್ ಹತ್ತಿರ ಕೂತ ಮೇಲೇ ಊಟದ ಯೋಚನೆ. ಹೊರಗೆ ಕೂತು ಕಾಫಿ ಕುಡಿಯೋರು ಕ್ಯೂ ಎಷ್ಟಿದೆ ಅಂತ ನೋಡೋದೇ ಇಲ್ಲ. ಮಟ್ಟನ್ನೂರಿನದು 2018ರಲ್ಲಿ ಶುರುವಾದ ಏರ್‌ಪೋರ್ಟ್, ಬೆಂಗಳೂರಿನಷ್ಟು ಅಂಗಡಿಗಳನ್ನು ಅಲ್ಲಿ ನಿರೀಕ್ಷೆ ಮಾಡಬೇಡ. ಒಳಗೆ ಚಹಾ ಸಾಕು. ಊಟ ಮನೆಯಿಂದಲೇ ಒಯ್ಯಿ.

ಅನ್ನ ಹಾಕಿ ನಾದಿದ ಅಕ್ಕಿ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗೇ ಇರುತ್ತದೆ. ಬಿಸಿಬಿಸಿ ಡಬ್ಬಿಗೆ ಹಾಕಬೇಡ, ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಟ್ಟೆ ಮೇಲೆ ಹರಡಿ ಆರಿಸಿ, ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತು. ಜೊತೆಗೆ ನೀರಿಲ್ಲದ ಬೀನ್ಸ್ ಪಲ್ಯ, ಚಟ್ನಿಪುಡಿ. ಮೊಸರು, ಗೊಜ್ಜು, ತೆಳ್ಳಗಿನ ಚಟ್ನಿ ಬೇಡ. ಅದನ್ನೆಲ್ಲ ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ, 100 ಎಂಎಲ್‌ಗಿಂತ ದೊಡ್ಡ ಡಬ್ಬಿ ಸೆಕ್ಯುರಿಟಿಯಲ್ಲೇ ಕಸದ ಬುಟ್ಟಿಗೆ. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸು. ಬೇಯಿಸಿದ ಮೊಟ್ಟೆಯೂ ಬೇಡ, ಪಕ್ಕದ ಸೀಟಿನವರ ಪಾಡು ಯೋಚಿಸು.

ಒಂದೂಕಾಲಕ್ಕೆ ಗೇಟ್ ಮುಂದೆಯೇ ರೊಟ್ಟಿ ಬಿಚ್ಚಿ. ನಾಚಿಕೆ ಗೀಚಿಕೆ ಏನೂ ಬೇಡ. ವಿಮಾನ ನಾಲ್ಕು ಗಂಟೆ ಹತ್ತಿರ ಹಾರುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಇಳಿದಾಗ ಇನ್ನೂ ಸಂಜೆ ಐದೂ ಆಗಿಲ್ಲ ಅನ್ನಿಸುತ್ತದೆ. ಅಕ್ಕನ ಹೊಟ್ಟೆಗೆ ಮಾತ್ರ ಆಗಲೇ ಆರೂಕಾಲು. ಹಾಗಾಗಿ ಎರಡು ರೊಟ್ಟಿ ಅವಳ ಕೈಚೀಲದಲ್ಲೇ ಉಳಿಸಿ. ಮಾತ್ರೆ, ಡಾಕ್ಟರ್ ಚೀಟಿ ಕೂಡ ಅಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕಬೇಡ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಅಣ್ಣನ ಮನೆಗೆ ಅಂತ ಅಕ್ಕ ಮಸಾಲೆ ಪುಡಿ ಕಟ್ಟುತ್ತಾಳೆ. ಅದರಲ್ಲಿ ಗಸಗಸೆ ಇದೆಯಾ ಕೇಳು. ಅಬುಧಾಬಿಯಲ್ಲಿ ಗಸಗಸೆಗೆ ನಿಷೇಧ, ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಕೇಸೇ ಆಗುತ್ತದೆ. ಹಂದಿ ಮಾಂಸದ ಪಂದಿ ಕರಿಯನ್ನೂ ಕಟ್ಟಿಕೊಳ್ಳಬೇಡಿ, ಬುಧವಾರ ರಾತ್ರಿ ಇಲ್ಲೇ ತಿಂದು ಮುಗಿಸಿ!

ಮಳೆ ಜೋರಿದ್ದರೆ ಹೊರಡುವ ಮೊದಲು ಡ್ರೈವರ್ ಹತ್ರ ಮಾಕುಟ್ಟ ರಸ್ತೆ ಹೇಗಿದೆ ಕೇಳು. ಮರ ಬಿದ್ದರೆ ಅಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಅಂಥ ದಿನ ಏಳಕ್ಕೇ ಹೊರಡಿ.