ಜೆಸಿಬಿ ಬರುವ ಮೊದಲು ಒಂದು ಗುಂಡಿ ತೋಡು

ಅಳಿಯಾ, ನೀನು ನಮ್ಮ ಮನೆಯವರ ಗುಂಪಿಗೆ ಹಾಕಿದ, ಕಾಸರಗೋಡಿನ ಪೆರ್ಲದ ಆ 60 ಸೆಂಟ್ಸ್ ಗುಡ್ಡೆಯ ಫೋಟೋ ನೋಡಿದೆ, ಮಣ್ಣು ಪರೀಕ್ಷೆಯ ಚೀಟಿಯೂ ನೋಡಿದೆ. ನೀನು ಕೇಳಿದ್ದು ಎರಡು. ಅಡಕೆ ಇಡ್ಲಿಕ್ಕೆ ಎಷ್ಟು ಸುಣ್ಣ ಬೇಕು, ಮತ್ತೆ ಮುಂದಿನ ವಾರ ಜೆಸಿಬಿಯಲ್ಲಿ 20 ಅಡಿ ಅಗಲದ ತಟ್ಟು (ಇಳಿಜಾರು ಕಡಿದು ಮೆಟ್ಟಿಲಿನ ಹಾಗೆ ಮಾಡುವ ಸಮ ನೆಲ) ಮಾಡಿಸ್ಬಹುದಾ ಅಂತ. ಸುಣ್ಣದ್ದು ಆಮೇಲೆ. ಸುಣ್ಣ ಹೆಚ್ಚುಕಮ್ಮಿ ಆದ್ರೆ ಬರುವ ವರ್ಷ ಸರಿ ಮಾಡ್ಬಹುದು, ಕೊರೆದ ಗುಡ್ಡೆಯನ್ನು ಪುನಃ ಮೊದಲಿನ ಹಾಗೆ ಇಡ್ಲಿಕ್ಕೆ ಆಗುದಿಲ್ಲ. ಹಾಗಾಗಿ ಜೆಸಿಬಿದೇ ಮೊದಲು ಹೇಳ್ತೇನೆ.

ನಾಳೆಯೇ ಎರಡು ಜನ ಕರ್ಕೊಂಡು ಹೋಗಿ ಗುಡ್ಡೆಯ ಮೇಲಿನ ಭಾಗದಲ್ಲಿ ಒಂದು, ನಡುವಲ್ಲಿ ಒಂದು ಗುಂಡಿ ತೋಡಿಸು. 3 ಅಡಿ ಉದ್ದ, 3 ಅಡಿ ಅಗಲ, 5 ಅಡಿ ಆಳ. ಬಿಸಿಲು ಬೀಳುವ ಬದಿಯನ್ನು ಹಾರೆಯಲ್ಲಿ ಚೆನ್ನಾಗಿ ಕೆರೆದು ನೋಡು. ಮೇಲೆ ಅರ್ಧ ಅಡಿಯಿಂದ ಒಂದು ಅಡಿಯವರೆಗೆ ಕಪ್ಪು ಮಿಶ್ರಿತ ಕಂದು ಮಣ್ಣು, ಬೇರುಗಳೆಲ್ಲ ಹೆಚ್ಚು ಅದರಲ್ಲೇ ಇರ್ತವೆ. ಅದರ ಕೆಳಗೆ ಕೆಂಪು ಮಣ್ಣು, ಸಣ್ಣ ಸಣ್ಣ ಮುರಕಲ್ಲಿನ (ಮನೆ ಕಟ್ಟುವ ಕೆಂಪು ತೂತುಕಲ್ಲು, ಲ್ಯಾಟರೈಟ್) ಹರಳು. ಮತ್ತೆ ಮುರಕಲ್ಲು. ಅದರ ಅಡಿಯಲ್ಲಿ ಹಳದಿ, ಬಿಳಿ, ಕೆಲವು ಕಡೆ ನೇರಳೆ ಛಾಯೆಯ ನುಣುಪು ಮಣ್ಣು ಸಿಕ್ಕಿದ್ರೆ ಅದೇ ಸೇಡಿಮಣ್ಣು. ಮುರಕಲ್ಲು ಎಲ್ಲಾ ಕಡೆ ಒಂದೇ ದಪ್ಪ ಇರುದಿಲ್ಲ. ಒಂದು ಕಡೆ 20 ಅಡಿ ಇದ್ದದ್ದು ನೂರು ಮಾರು ಆಚೆ 3 ಅಡಿಗೇ ಮುಗೀಬಹುದು. ಆಚೆಮನೆಯವರ ಜಾಗೆಯಲ್ಲಿ ಬರೆ (ಗುಡ್ಡೆ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಗಟ್ಟಿ ನಿಂತಿದೆ ಅಂತ ನಿನ್ನದೂ ನಿಲ್ತದೆ ಅಂತ ಲೆಕ್ಕ ಹಾಕ್ಬೇಡ.

ಸೇಡಿ ಯಾಕೆ ಅಪಾಯ ಅಂದ್ರೆ, ಒಣಗಿದಾಗ ಅದು ಕಲ್ಲಿನ ಹಾಗೇ ನಿಲ್ತದೆ, ನೀರು ಕುಡಿದ ಮೇಲೆ ಕಟ್ಟು ಬಿಡ್ತದೆ. ಒಂದು ಸಣ್ಣ ಪರೀಕ್ಷೆ ಮಾಡು. ಮೇಲಿನ ಕಪ್ಪು ಮಣ್ಣಿನ ನೆಲ್ಲಿಕಾಯಿಯಷ್ಟು ಗಟ್ಟಿ ಒಂದು, ಗುಂಡಿಯ ತಳದ್ದು ಒಂದು, ಎರಡನ್ನೂ ಎರಡು ದಿನ ಒಣಗಿಸಿ ಎರಡು ಗ್ಲಾಸ್ ನೀರಿಗೆ ಮೆಲ್ಲ ಬಿಡು, ಕದಡ್ಬೇಡ. ಮೇಲಿನ ಮಣ್ಣು ಗುಳ್ಳೆ ಬಿಟ್ಟು ಹಾಗೇ ಕೂತಿರ್ತದೆ, ನೀರು ತಿಳಿಯಾಗಿರ್ತದೆ. ಸೇಡಿಯಾದ್ರೆ ಅಂಚಿನಿಂದ ಸುರಿಯಲಿಕ್ಕೆ ಶುರು ಮಾಡಿ ಕೆಲವೇ ನಿಮಿಷದಲ್ಲಿ ಗ್ಲಾಸಿನ ತಳದಲ್ಲಿ ರಾಶಿ ಆಗ್ತದೆ. ಕಪ್ಪು ಮಣ್ಣನ್ನು ಹಿಡಿದಿಟ್ಟದ್ದು ಕೊಳೆತ ಎಲೆಯ ಅಂಟು, ಸಪುರ ಬೇರು, ಶಿಲೀಂಧ್ರದ ನೂಲು. ತಳದ ಮಣ್ಣಿನಲ್ಲಿ ಇದು ಯಾವುದೂ ಇಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗ್ಲಾಸಿನಲ್ಲಿ ಕಂಡದ್ದೇ ಬರೆಯಲ್ಲಿ ಆಗುದು.

ಈಗ ತಟ್ಟಿನ ಅಗಲ. ಮೊದಲು ಇಳಿಜಾರು ಅಳೆ. ಮೇಸ್ತ್ರಿಗಳ ಲೆವೆಲ್ ಪೈಪ್ ಸಾಕು. ಅಡ್ಡಕ್ಕೆ 10 ಅಡಿ ದೂರಕ್ಕೆ 2 ಅಡಿ ಇಳಿದ್ರೆ ನೂರಕ್ಕೆ 20ರ ಇಳಿಜಾರು. ಫೋಟೋದಲ್ಲಿ ನನಗೆ ಅಷ್ಟೇ ಕಂಡದ್ದು, ಆದ್ರೂ ಅಳೆದೇ ನೋಡು. ನೂರಕ್ಕೆ 33 ದಾಟಿದ ಜಾಗೆಯಲ್ಲಿ ತಟ್ಟು ಮಾಡುವ ಯೋಚನೆಯೇ ಬೇಡ. ಇನ್ನು 20ರ ಇಳಿಜಾರಿನಲ್ಲಿ 20 ಅಡಿ ಅಗಲದ ತಟ್ಟು ಅಂದ್ರೆ ಮೇಲಂಚಿಗೂ ಕೆಳಂಚಿಗೂ 4 ಅಡಿ ವ್ಯತ್ಯಾಸ. ಅರ್ಧ ಕಡಿದು ಅರ್ಧ ತುಂಬಿಸಿದ್ರೂ ಒಳಬದಿಯಲ್ಲಿ 2 ಅಡಿ ಕಡೀಬೇಕು. ಒಂದು ಅಡಿ ಒಳ್ಳೆ ಮಣ್ಣು ಹೋಗಿ, ಅದರ ಕೆಳಗಿನ ಇನ್ನೊಂದು ಅಡಿಯೂ ಹೋಯ್ತು. ಅದೇ ಒಂದು ಸಾಲು ಅಡಕೆಗೆ ಬೇಕಾದ 9 ಅಡಿ ಅಗಲ ಮಾತ್ರ ಮಾಡಿದ್ರೆ ವ್ಯತ್ಯಾಸ 1.8 ಅಡಿ, ಕಡಿಯುದು 11 ಇಂಚಿನಷ್ಟು. ಜೆಸಿಬಿಯವನಿಗೆ ಅಗಲದ ತಟ್ಟೇ ಇಷ್ಟ, ಅವನ ಯಂತ್ರ ತಿರುಗಬೇಕಲ್ಲ. ತೋಟ ಅವನದ್ದಲ್ಲ.

11 ಇಂಚು ಆದ್ರೂ ಮೇಲ್ಮಣ್ಣು ಉಳಿಸ್ಬೇಕು. ಮೊದಲ ದಿನ ತಟ್ಟು ಕಡಿಯುದು ಬೇಡ, ಮೇಲಿನ ಅರ್ಧ ಅಡಿಯನ್ನು ಕೆರೆದು ಬದಿಗೆ ರಾಶಿ ಹಾಕಿಸು. ರಾಶಿ 5 ಅಡಿಗಿಂತ ಎತ್ತರ ಬೇಡ, ಒಳಗೆ ಗಾಳಿ ಆಡುದಿಲ್ಲ. ಮೇಲಿಂದ ಸೋಗೆ, ಮಡಲು ಮುಚ್ಚು. ತಟ್ಟು ಕಡಿದು ಮುಗಿದ ಮೇಲೆ ಅದನ್ನೇ ವಾಪಸ್ ಹರಡ್ಬೇಕು, ಹೊಂಡಕ್ಕೂ ಅದೇ ಮಣ್ಣು ತುಂಬಿಸ್ಬೇಕು. ಇದಕ್ಕೆ ಯಂತ್ರದ ಬಾಡಿಗೆ ಹೆಚ್ಚಾಗ್ತದೆ, ಒಪ್ತೇನೆ. ಆದ್ರೆ ಒಂದು ಎಕ್ರೆಯಲ್ಲಿ ಬರೇ ಒಂದು ಮಿಲಿಮೀಟರ್ ಮಣ್ಣು ತೊಳೆದು ಹೋದ್ರೂ 4 ಘನ ಮೀಟರ್, ತೂಕದಲ್ಲಿ 5 ಟನ್ನಿನಷ್ಟು ಆಗ್ತದೆ. ಅಷ್ಟು ಮಣ್ಣನ್ನು ಹಣ ಕೊಟ್ಟು ಹೊರಿಸಿ ನೋಡು, ಬಾಡಿಗೆ ಕಮ್ಮಿ ಅಂತ ಕಾಣ್ತದೆ.

ತಟ್ಟಿನ ನೆಲ ಹೊರಗೆ ವಾಲ್ಬಾರ್ದು, ಒಳಗೆ, ಗುಡ್ಡೆಯ ಬದಿಗೆ ಸ್ವಲ್ಪ ವಾಲ್ಬೇಕು. 9 ಅಡಿಗೆ ಎರಡೂವರೆ ಮೂರು ಇಂಚು. ಒಳಬದಿಯಲ್ಲಿ ಒಂದು ಕಣಿ (ನೀರು ಹೋಗುವ ಸಣ್ಣ ಕಾಲುವೆ), ಅದಕ್ಕೆ ನೂರು ಅಡಿಗೆ ಒಂದು ಅಡಿಗಿಂತ ಹೆಚ್ಚು ಓಟ, ಅಂದ್ರೆ ಇಳಿಜಾರು, ಬೇಡ, ಓಟ ಹೆಚ್ಚಾದ್ರೆ ನೀರು ಕಣಿಯನ್ನೇ ಕೊರೆದು ಇಳೀತದೆ. ಎಲ್ಲಾ ಕಣಿಯೂ ಕಲ್ಲು ಕಟ್ಟಿದ ಅಥವಾ ಹುಲ್ಲು ಹಿಡಿದ ಒಂದು ತೋಡಿಗೆ ಸೇರ್ಬೇಕು. ಹೊರಗಿನ ಅಂಚಿಗೆ ಜೂನ್ ಮಳೆ ಹಿಡಿದ ಕೂಡ್ಲೇ ಲಾವಂಚ, ಅರ್ಧ ಅಡಿಗೊಂದು ಬುಡ, ಒಂದೊಂದು ಬುಡಕ್ಕೆ ಎರಡು ಮೂರು ಕಡ್ಡಿ. ಅದರ ಬೇರು ಅಡ್ಡ ಹರಡುದಕ್ಕಿಂತ ನೇರ ಕೆಳಗೆ ಇಳಿಯುದು ಹೆಚ್ಚು, 6 ಅಡಿ, 10 ಅಡಿ. ಹಾಗಾಗಿ ಅಡಕೆಗೆ ಪೈಪೋಟಿ ಕಮ್ಮಿ. ನಡುವೆ ಅಲ್ಲಲ್ಲಿ ಗೊಬ್ಬರದ ಗಿಡದ ಗೂಟ ಊರಿದ್ರೆ ಸೊಪ್ಪಿಗೂ ಆಯ್ತು.

ಭಾವ ನಿನ್ನೆ ಬರೆದದ್ದು ಓದಿದೆ, ಗುಡ್ಡೆಯ ತಲೆಯಲ್ಲಿ ಇಡೀ ಇಂಗುಗುಂಡಿ ಮಾಡಿಸು, ಕೆಳಗಿನ ಸುರಂಗಕ್ಕೆ (ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಮಾಟೆ) ನೀರು ಬರ್ತದೆ ಅಂತ. ಭಾವಾ, ನೀರು ಇಂಗ್ಬೇಕು ಅನ್ನುದು ಸರಿ, ಸುರಂಗದಲ್ಲಿ ಬರುವ ನೀರು ಗುಡ್ಡೆ ಕುಡಿದ ಮಳೆಯೇ. ಆದ್ರೆ ಲೆಕ್ಕ ನೋಡಿ. 5 ಅಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಅಷ್ಟೇ ಆಳದ ಗುಂಡಿ ಹಿಡಿಯುದು 400 ಲೀಟರಿನಷ್ಟು. ಒಂದೇ ದಿನ 100 ಮಿಲಿಮೀಟರ್ ಮಳೆ ಬಂದ್ರೆ ಒಂದು ಸೆಂಟ್ಸಿಗೆ 4,000 ಲೀಟರ್, 60 ಸೆಂಟ್ಸಿಗೆ 2.4 ಲಕ್ಷ ಲೀಟರ್ ಬೀಳ್ತದೆ. ಅದರಲ್ಲಿ ಅರ್ಧ ಹರಿದ್ರೂ 300 ಗುಂಡಿ ಬೇಕು. ಜಾಗೆ ಎಲ್ಲಿ? ಅದಕ್ಕಿಂತ ನೆಲವನ್ನು ಸೊಪ್ಪು, ಹುಲ್ಲಿನಲ್ಲಿ ಮುಚ್ಚಿ ಇಟ್ರೆ ಇಡೀ ಗುಡ್ಡೆಯೇ ಇಂಗಿಸ್ತದೆ. ಇನ್ನೊಂದು, ಇದು ಮುಖ್ಯ: ಕಡಿದ ಬರೆಯ ತಲೆಯ ಮೇಲೆ, ಮನೆಯ ಹಿಂದಿನ ಏರಿನಲ್ಲಿ, ಅಡಿಯಲ್ಲಿ ಸೇಡಿ ಇರುವ ಕಡೆ ಇಂಗುಗುಂಡಿ ಮಾಡಿಸಲೇಬೇಡಿ. ಮುರಕಲ್ಲಿನ ತೂತಿನಲ್ಲಿ ಇಳಿದ ನೀರು ಸೇಡಿಯ ಮೇಲೆ ನಿಂತು, ಮೇಲಿನ ಇಡೀ ಭಾರ ಅದರ ಮೇಲೆ ಜಾರ್ತದೆ. ಅಲ್ಲಿ ಬೇಕಾದ್ದು ನೀರನ್ನು ಬದಿಗೆ ತಿರುಗಿಸುವ ಕಣಿ. ಗುಂಡಿ ಬೇಕಿದ್ರೆ ಕೆಳಗಿನ ಸಪಾಟಾದ ಭಾಗದಲ್ಲಿ, ಮುರಕಲ್ಲು ಆಳಕ್ಕೆ ಇರುವಲ್ಲಿ ಮಾಡಿಸಿ.

ಮುರಕಲ್ಲು ಅಂದಾಗ ನೆನಪಾಯ್ತು, ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಅದನ್ನು ನೋಡಿದ್ದು ನಮ್ಮದೇ ಕೇರಳದ ಅಂಗಾಡಿಪುರಂನಲ್ಲಿ, ಪ್ರಕಟ ಮಾಡಿದ್ದು 1807ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಮಾಡಿದ ಹೆಸರು. ಹಸಿ ಇರುವಾಗ ಕಡಿಯಲಿಕ್ಕೆ ಬರ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ ಆಗ್ತದೆ. ಮೇಲ್ಮಣ್ಣು ಕೆರೆದು ಬಿಟ್ಟ ಕೆಂಪು ನೆಲವೂ ಹಾಗೆಯೇ, ಎರಡು ಬೇಸಗೆಯಲ್ಲಿ ಪಿಕ್ಕಾಸು ಹಾಕಿದ್ರೆ ಕಿಡಿ ಹಾರ್ತದೆ.

ಈಗ ನಿನ್ನ ಚೀಟಿ. ಪಿಎಚ್ (ಮಣ್ಣಿನ ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4.8, ಸಾವಯವ ಇಂಗಾಲ ನೂರಕ್ಕೆ 1.4, ರಂಜಕ ಹೆಕ್ಟೇರಿಗೆ 42 ಕಿಲೋ, ಪೊಟ್ಯಾಶ್ 96. ಪಿಎಚ್, ಪೊಟ್ಯಾಶ್ ನಂಬುವ ಹಾಗೆ ಉಂಟು, ನಮ್ಮ ಮಳೆಗೆ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಶ್ ಎಲ್ಲ ತೊಳೆದು ಹೋಗಿ ಉಳಿಯುದು ಕಬ್ಬಿಣ, ಅಲ್ಯೂಮಿನಿಯಂ. ರಂಜಕದ ಮೇಲೆ ಮಾತ್ರ ನನಗೆ ಸಂಶಯ. 24 ದಾಟಿದ್ರೇ ಹೆಚ್ಚು ಅಂತ ಲೆಕ್ಕ. ಗೊಬ್ಬರ ಕಾಣದ ಗುಡ್ಡೆಯಲ್ಲಿ, ಅದೂ ರಂಜಕವನ್ನು ಕಬ್ಬಿಣ ಹಿಡಿದಿಡುವ ಕೆಂಪು ಮಣ್ಣಿನಲ್ಲಿ 42 ಎಲ್ಲಿಂದ ಬಂತು? ನೀನು ಹಳೇ ದನದ ಹಟ್ಟಿಯ ಹತ್ತಿರದಿಂದಲೋ, ಬೂದಿ ರಾಶಿ ಇದ್ದಲ್ಲಿಂದಲೋ ಮಣ್ಣು ತೆಗೆದಿರ್ಬೇಕು. ಪುನಃ ತೆಗಿ.

ಮೇಲಿನ ಭಾಗ, ಕೆಳಗಿನ ಭಾಗ ಬೇರೆ ಬೇರೆ ಮಾದರಿ. ಒಂದೊಂದರಲ್ಲಿ ಹಾವಿನ ನಡೆಯ ಹಾಗೆ 8–10 ಕಡೆ. ಕಸ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದು ಅಡಿ ಕಡಿದು, ಒಂದು ಬದಿಯಿಂದ ಇಂಚು ದಪ್ಪದ ಪದರ ಮೇಲಿಂದ ಕೆಳಗಿನವರೆಗೆ ಸಮ ತೆಗಿ. ಅದೇ ಹೊಂಡದಲ್ಲಿ ಒಂದು ಅಡಿಯಿಂದ ಎರಡು ಅಡಿಯವರೆಗಿನದ್ದು ಇನ್ನೊಂದು ಮಾದರಿ, ಯಾಕೆಂದ್ರೆ ತಟ್ಟು ಕಡಿದ ಮೇಲೆ ಒಳಬದಿಯ ಗಿಡಕ್ಕೆ ಸಿಗುವ ಮಣ್ಣು ಅದೇ. ತಗಡಿನ ಬಕೆಟ್ ಬೇಡ, ಅದರ ಸತು ಲೆಕ್ಕ ಕೆಡಿಸ್ತದೆ. ಪ್ಲಾಸ್ಟಿಕ್ಕಿನದ್ದು ತಗೋ. ಬೆರೆಸಿ ರೊಟ್ಟಿಯ ಹಾಗೆ ಹರಡಿ ನಾಲ್ಕು ಪಾಲು ಮಾಡಿ ಎದುರೆದುರಿನ ಎರಡು ಪಾಲು ಬಿಸಾಡು, ಅರ್ಧ ಕಿಲೋ ಆಗುವವರೆಗೆ ಹಾಗೇ ಮಾಡು. ನೆರಳಲ್ಲಿ ಒಣಗಿಸು. ಗೊಬ್ಬರದ ಚೀಲಕ್ಕೆ ತುಂಬಿಸ್ಬೇಡ ಮಾರಾಯ.

ಸುಣ್ಣಕ್ಕೆ ಬರ್ತೇನೆ. 4.8 ಅಂದ್ರೆ 5.8ಕ್ಕಿಂತ ಹತ್ತು ಪಾಲು ಹುಳಿ. 5.5ರ ಕೆಳಗೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗ್ತದೆ, ನೀರು ಇದ್ರೂ ಗಿಡ ಕುಡಿಯುದಿಲ್ಲ. ಈ ಮಟ್ಟಕ್ಕೆ ಇಡೀ ಜಾಗೆಗೆ ಹಾಕುದಾದ್ರೆ ಹೆಕ್ಟೇರಿಗೆ 600 ಕಿಲೋ, ಅಂದ್ರೆ ಸೆಂಟ್ಸಿಗೆ ಎರಡೂವರೆ ಕಿಲೋದ ಹತ್ತಿರ, ನಿನ್ನ ಜಾಗೆಗೆ ಒಟ್ಟು 150 ಕಿಲೋ. ಗಿಡ ದೊಡ್ಡದಾದ ಮೇಲೆ ಬುಡಕ್ಕೆ ಅರ್ಧ ಕಿಲೋ, ಎರಡು ಮೂರು ವರ್ಷಕ್ಕೊಮ್ಮೆ. ಇದು ಸುಣ್ಣದ ಕಲ್ಲಿನ ಪುಡಿಯ ಲೆಕ್ಕ. ನೀರು ಹಾಕಿ ಅರಳಿಸಿದ ಸುಣ್ಣ ಖಾರ ಹೆಚ್ಚು, ಒಂದು ಕಿಲೋದ ಬದಲಿಗೆ ಮುಕ್ಕಾಲು ಕಿಲೋ ಸಾಕು. ನನ್ನನ್ನು ಕೇಳಿದ್ರೆ ಡೋಲೊಮೈಟ್ ತಗೋ, ಮೆಗ್ನೀಷಿಯಂ ಕೂಡ ಸಿಗ್ತದೆ. ಏಪ್ರಿಲ್–ಮೇಯ ಮೊದಲ ಮಳೆಗೆ ಮಣ್ಣು ಒದ್ದೆ ಆದಾಗ ಹರಡಿ ನಾಲ್ಕು ಇಂಚು ಆಳಕ್ಕೆ ಬೆರೆಸು. ಎರಡು ಮೂರು ವಾರ ಬಿಟ್ಟೇ ರಾಸಾಯನಿಕ ಗೊಬ್ಬರ. ಸುಣ್ಣದ ಒಟ್ಟಿಗೆ ಯೂರಿಯಾ ಬಿದ್ರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗ್ತದೆ, ಮೂಗಿಗೇ ಗೊತ್ತಾಗ್ತದೆ. ರಂಜಕಕ್ಕೆ ಹಾಕುವ ರಾಕ್ ಫಾಸ್ಫೇಟ್ ಕರಗುದು ಮಣ್ಣಿನ ಹುಳಿಯಲ್ಲಿ, ಅದಕ್ಕೂ ಸುಣ್ಣ ತಾಗ್ಬಾರ್ದು. ಮತ್ತೆ 7ಕ್ಕೆ ಏರಿಸುವ ಹಠ ಬೇಡ, ಬೋರಾನ್, ಸತು ಸಿಗದ ಹಾಗೆ ಆಗ್ತದೆ. 5.5–6 ಸಾಕು.

ಅತ್ತಿಗೆ ಕೇಳಿದ್ರು, ಯೂರಿಯಾ ಹಾಕಿದ್ರೆ ಮಣ್ಣು ಸಾಯ್ತದಂತೆ ಹೌದಾ ಅಂತ. ಸಾಯುದಿಲ್ಲ, ಹುಳಿ ಆಗ್ತದೆ. 100 ಕಿಲೋ ಯೂರಿಯಾದ ಹುಳಿ ತೆಗೀಲಿಕ್ಕೆ 80 ಕಿಲೋ ಸುಣ್ಣದ ಪುಡಿ ಬೇಕು, ಅಮೋನಿಯಂ ಸಲ್ಫೇಟ್ ಆದ್ರೆ 110. ಸಿಪಿಸಿಆರ್‌ಐ (ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಲೆಕ್ಕದಲ್ಲಿ ಫಲ ಕೊಡುವ ಅಡಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಶ್, ಒಟ್ಟಿಗೆ 12 ಕಿಲೋ ಸೊಪ್ಪು, 12 ಕಿಲೋ ಕಂಪೋಸ್ಟ್. ಸಾರಜನಕ ಯೂರಿಯಾದಲ್ಲಿ ಕೊಟ್ರೆ 220 ಗ್ರಾಂ, ಮೂರು ವರ್ಷಕ್ಕೆ ಅದರ ಹುಳಿಗೆ ಅರ್ಧ ಕಿಲೋ ಸುಣ್ಣ. ಮೇಲೆ ಹೇಳಿದ ಅರ್ಧ ಕಿಲೋಗೆ ಸರಿಹೋಯ್ತು ನೋಡಿ. ಸುಣ್ಣ ಬಿಟ್ಟು ಯೂರಿಯಾ ಮಾತ್ರ ಹಾಕ್ತಾ ಹೋದವರ ತೋಟವೇ ಕೆಡುದು. ಆ 140 ಗ್ರಾಂ ಪೊಟ್ಯಾಶಿಗೆ ಅಂಗಡಿಯ ಪೊಟ್ಯಾಶ್ ಗೊಬ್ಬರ (ಎಂಒಪಿ) 230 ಗ್ರಾಂ ಆಗ್ತದೆ, ಅದನ್ನು ಒಮ್ಮೆಲೇ ಸುರೀಬೇಡಿ. ನಮ್ಮ ಕೆಂಪು ಜೇಡಿಗೆ ಪೊಟ್ಯಾಶ್ ಹಿಡಿದಿಡುವ ಶಕ್ತಿ ಬಹಳ ಕಮ್ಮಿ, ಅಷ್ಟೇ ತೂಕದ ಕೊಳೆತ ಸೊಪ್ಪಿಗೆ ಅದರ ಹತ್ತಾರು ಪಾಲು ಹೆಚ್ಚು. ಮೇ–ಜೂನ್‌ಗೆ ಅರ್ಧ, ಸೆಪ್ಟೆಂಬರ್–ಅಕ್ಟೋಬರಿಗೆ ಅರ್ಧ. ಆಟಿಯ (ಜುಲೈ–ಆಗಸ್ಟ್) ಜಡಿಮಳೆಗೆ ಹಾಕಿದ್ದು ತೋಡಿಗೆ.

ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಸಿಂಪಡಿಸಿದ ಮೇಲೆ ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲುದು ಕೂಡ ನಿಲ್ಲಿಸಿ. ಒಂದು ಕಿಲೋ ಮೈಲುತುತ್ತಿನಲ್ಲಿ 250 ಗ್ರಾಂ ತಾಮ್ರ ಉಂಟು, ಅದು ಮಳೆಗೆ ಹೋಗುದಿಲ್ಲ, ಮೇಲ್ಮಣ್ಣಿನಲ್ಲೇ ಕೂರ್ತದೆ. ಎರೆಹುಳ ಮೊದಲು ಕಾಣದಾಗುದು ಅಂಥಲ್ಲಿ.

ಅಳಿಯಾ, ಗುಂಡಿ ತೋಡಿದ ಮೇಲೆ ಬದಿಯಲ್ಲಿ ಅಳತೆ ಟೇಪ್ ಇಳಿಬಿಟ್ಟು ಫೋಟೋ ತೆಗೆದು ಇಲ್ಲಿಗೆ ಹಾಕು, ನೆರಳಿಲ್ಲದ ಹೊತ್ತಲ್ಲಿ. 4 ಅಡಿಯೊಳಗೆ ಸೇಡಿ ಕಂಡ್ರೆ ಜೆಸಿಬಿಯವನಿಗೆ ಅವತ್ತೇ ಫೋನ್ ಮಾಡಿ ಬೇಡ ಹೇಳು. ಆಗ ತಟ್ಟು ಇಲ್ಲದೆ, ಒಂದೊಂದು ಗಿಡಕ್ಕೆ ಕೆಳಬದಿಯಲ್ಲಿ ಅರ್ಧಚಂದ್ರದ ಕಟ್ಟೆ ಕಟ್ಟಿ ಹಾರೆಯಲ್ಲೇ ಮಾಡುವ ಕ್ರಮ ಹೇಳ್ತೇನೆ.